ಹೊಸ ಉಪಗ್ರಹದಲ್ಲಿ ಎಫ್‌ಎಂ ರಿಪೀಟರ್ ಇರುವುದಿಲ್ಲ: ಕಿಟ್ ಕಾಯ್ದಿರಿಸಿದವರಿಗೆ ಪತ್ರ

ಆತ್ಮೀಯ ಹ್ಯಾಮ್ (ಹವ್ಯಾಸಿ ರೇಡಿಯೊ) ಮಿತ್ರರೇ,

ನಮ್ಮ ಸಹಕಾರ ಸಂಘದಿಂದ ಗ್ರೌಂಡ್ ಸ್ಟೇಷನ್ ಕಿಟ್ ಕಾಯ್ದಿರಿಸಿರುವ ಎಲ್ಲರಿಗೂ ಈ ಪತ್ರ. ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇವೆ. ನಾವು ಕಟ್ಟುತ್ತಿರುವ ಪುಟ್ಟ ಕ್ಯೂಬ್‌ಸ್ಯಾಟ್‌ನಲ್ಲಿ ಎಫ್‌ಎಂ ರಿಪೀಟರ್, ಅಂದರೆ ಕೇಳಿಸಿಕೊಂಡ ಮಾತನ್ನು ಮತ್ತೆ ಪ್ರಸಾರ ಮಾಡುವ ಸಾಧನ, ಇಡುತ್ತೇವೆ ಎಂದಿದ್ದೆವು. ಈಗ ಅದರ ಬದಲು ಲೀನಿಯರ್ ಟ್ರಾನ್ಸ್‌ಪಾಂಡರ್ ಹಾಕುತ್ತಿದ್ದೇವೆ. ಬರೀ ಎಫ್‌ಎಂ ಹ್ಯಾಂಡಿ ಸೆಟ್ ಹಿಡಿದು ಇದರಲ್ಲಿ ಮಾತಾಡಲು ಆಗುವುದಿಲ್ಲ. ಎಸ್‌ಎಸ್‌ಬಿ (ಬ್ಯಾಂಡಿನಲ್ಲಿ ಕಡಿಮೆ ಜಾಗ ಹಿಡಿದು ಮಾತು ಕಳಿಸುವ ವಿಧಾನ) ಅಥವಾ ಮೋರ್ಸ್ ಬೇಕು. ಕೆಲವರಿಗೆ ಬೇಸರ ಆಗುತ್ತದೆ, ಗೊತ್ತು. ಕಾರಣ ಓದಿ, ಆಮೇಲೂ ಬೈಯಬೇಕು ಅನ್ನಿಸಿದರೆ ಬೈಯಿರಿ.

ಉಪಗ್ರಹ ಹಾರುವುದು ಸುಮಾರು 500 ಕಿಲೋಮೀಟರ್ ಎತ್ತರದಲ್ಲಿ. ಒಂದು ಸುತ್ತಿಗೆ 95 ನಿಮಿಷದಷ್ಟು. ನೆತ್ತಿಯ ಮೇಲೇ ಹಾದುಹೋದರೂ ನಮಗೆ ಸಿಗುವುದು ಹತ್ತು ನಿಮಿಷ, ಸ್ವಲ್ಪ ಹೆಚ್ಚು ಕಡಿಮೆ. ಆ ಹೊತ್ತಿನಲ್ಲಿ ಅದಕ್ಕೆ ಕಾಣುವ ನೆಲದ ಅಗಲ ಮಾತ್ರ 5,000 ಕಿಲೋಮೀಟರ್‌ಗೆ ಹತ್ತಿರ. ಅಷ್ಟು ಜಾಗದಲ್ಲಿ ಎಷ್ಟು ಜನ ಹ್ಯಾಮ್‌ಗಳು ಇರುತ್ತಾರೆ, ಯೋಚಿಸಿ. ಎಫ್‌ಎಂ ರಿಪೀಟರ್ ಅವರಲ್ಲಿ ಒಂದು ಸಲಕ್ಕೆ ಒಬ್ಬರನ್ನು ಮಾತ್ರ ಕೇಳಿಸಿಕೊಳ್ಳುತ್ತದೆ. ಇಬ್ಬರು ಒಟ್ಟಿಗೆ ಪಿಟಿಟಿ (ಮಾತಾಡುವಾಗ ಒತ್ತುವ ಗುಂಡಿ) ಒತ್ತಿದರೆ ಜೋರಾಗಿರುವ ಸಿಗ್ನಲ್ ಗೆಲ್ಲುತ್ತದೆ, ಇನ್ನೊಂದು ಮುಳುಗಿಹೋಗುತ್ತದೆ. ರಜಾ ದಿನ ಅಂಥ ಉಪಗ್ರಹ ಹಾದುಹೋಗುವ ಪಾಸ್ ಒಂದನ್ನು ಕೇಳಿ ನೋಡಿ. ಕಾಲ್‌ಸೈನ್, ಗ್ರಿಡ್ (ಇರುವ ಜಾಗದ ಸಂಕೇತ), 'ಫೈವ್ ನೈನ್' (ಸಿಗ್ನಲ್ ಚೆನ್ನಾಗಿದೆ), ಮುಂದಿನವರು. ಇದಕ್ಕೆ ಸಂಭಾಷಣೆ ಅನ್ನೋದು ಸ್ವಲ್ಪ ಉದಾರ ಮಾತು ಅಲ್ವಾ? ಕಡಿಮೆ ಪವರ್ ಇರುವವರಿಗೆ ಅಷ್ಟೂ ಸಿಗುವುದಿಲ್ಲ.

ಲೀನಿಯರ್ ಟ್ರಾನ್ಸ್‌ಪಾಂಡರ್ ಮಾಡುವ ಕೆಲಸ ಬೇರೆ. ಅದು ಯಾರ ಮಾತನ್ನೂ ಬಿಡಿಸಿ ನೋಡುವುದಿಲ್ಲ. ಒಂದು ಬ್ಯಾಂಡಿನ ತುಂಡೊಂದನ್ನು ಇಡಿಯಾಗಿ ಎತ್ತಿ ಇನ್ನೊಂದು ಬ್ಯಾಂಡಿನಲ್ಲಿ ಇಳಿಸುತ್ತದೆ. ನಮ್ಮದು 30 ಕಿಲೋಹರ್ಟ್ಸ್ ಅಗಲದ ತುಂಡು. ಒಂದು ಎಫ್‌ಎಂ ಮಾತಿಗೇ ಇದರಲ್ಲಿ ಅರ್ಧದಷ್ಟು ಹೋಗುತ್ತದೆ. ಎಸ್‌ಎಸ್‌ಬಿಗೆ ಮೂರು ಕಿಲೋಹರ್ಟ್ಸ್ ಒಳಗೇ ಸಾಕು, ಮೋರ್ಸ್‌ಗೆ ಅದರಲ್ಲಿ ಚೂರು. ಹಾಗಾಗಿ ಐದಾರು ಜೋಡಿ ಅಕ್ಕಪಕ್ಕದಲ್ಲೇ ನೆಮ್ಮದಿಯಾಗಿ ಮಾತಾಡಬಹುದು.

ಕರೆಂಟಿನ ಲೆಕ್ಕವೂ ಇದೆ. ಹತ್ತು ಸೆಂಟಿಮೀಟರ್ ಚೌಕದ ಡಬ್ಬಿ. ಅದರ ಮೈಮೇಲೆ ಅಂಟಿಸುವ ಸೋಲಾರ್ ಪ್ಯಾನೆಲ್‌ನಿಂದ ಸರಾಸರಿ ಸಿಗುವುದು ಒಂದೆರಡು ವಾಟ್. ಎಫ್‌ಎಂ ಟ್ರಾನ್ಸ್‌ಮಿಟರ್ ಆನ್ ಆದರೆ, ನೀವು ಮಾತಾಡಲಿ, ಸುಮ್ನೆ ಉಸಿರು ಬಿಡಲಿ, ಪೂರ್ತಿ ಪವರ್ ಕಕ್ಕುತ್ತಲೇ ಇರುತ್ತದೆ. ಎಸ್‌ಎಸ್‌ಬಿಯಲ್ಲಿ ಮಾತಿನ ಏರಿಳಿತದ ಜೊತೆ ಪವರ್ ಏರಿಳಿಯುತ್ತದೆ. ಲೀನಿಯರ್ ಆಂಪ್ಲಿಫೈಯರ್‌ನ ದಕ್ಷತೆ ಕಡಿಮೆ, ಸರ್ಕ್ಯೂಟ್ ಕೂಡ ಎಫ್‌ಎಂನಷ್ಟು ಸರಳ ಅಲ್ಲ. ಅದೆಲ್ಲ ಗೊತ್ತಿದ್ದೇ ಇದನ್ನು ಆರಿಸಿಕೊಂಡಿದ್ದೇವೆ.

ಇನ್ನು ಬ್ಯಾಂಡ್ ವಿಷಯ. ಇದರ ಬಗ್ಗೆ ತಂಡದೊಳಗೇ ಬಿಸಿ ಚರ್ಚೆ ಆಯಿತು. ಕೊನೆಗೆ ಅಪ್‌ಲಿಂಕ್ (ನೀವು ಮೇಲಕ್ಕೆ ಕಳಿಸುವುದು) 435 ಮೆಗಾಹರ್ಟ್ಸ್ ಕಡೆ, ಡೌನ್‌ಲಿಂಕ್ (ಕೆಳಗೆ ಬರುವುದು) 145 ಮೆಗಾಹರ್ಟ್ಸ್ ಕಡೆ ಎಂದು ನಿಂತಿದೆ. ಸಾದಾ ಆಂಟೆನಾ ಹಾಕಿದವರಿಗೆ 145ರಲ್ಲಿ ಸಿಗ್ನಲ್ ಒಂಬತ್ತು ಡೆಸಿಬೆಲ್‌ಗಿಂತ ಸ್ವಲ್ಪ ಹೆಚ್ಚು ಲಾಭದಲ್ಲಿ ಸಿಗುತ್ತದೆ. ಉಪಗ್ರಹದಿಂದ ಅರ್ಧ ವಾಟ್ ಕೂಡ ಬರುವುದಿಲ್ಲ ಎಂದಾಗ ಅದು ಸಣ್ಣ ಲಾಭ ಅಲ್ಲ. ಇನ್ನೊಂದು ತಲೆನೋವೂ ತಪ್ಪುತ್ತದೆ. 145ರಲ್ಲಿ ಕಳಿಸಿ 435ರಲ್ಲಿ ಕೇಳುವವರಿಗೆ ತಮ್ಮದೇ ಸೆಟ್ಟಿನ ಮೂರನೇ ಹಾರ್ಮೋನಿಕ್ (ಮೂರು ಪಟ್ಟು ಫ್ರೀಕ್ವೆನ್ಸಿಯಲ್ಲಿ ಹೊರಬೀಳುವ ಬೇಡದ ಸಿಗ್ನಲ್) ರಿಸೀವರ್‌ಗೆ ನುಗ್ಗುತ್ತದೆ. 145ನ್ನು ಮೂರರಿಂದ ಗುಣಿಸಿ, ಎಲ್ಲಿ ಬೀಳುತ್ತದೆ ನೋಡಿ. ನಾವು ದಿಕ್ಕು ತಿರುಗಿಸಿದ್ದರಿಂದ ಆ ಕಾಟ ನೆಲದಿಂದ ಉಪಗ್ರಹದೊಳಕ್ಕೆ ಹೋಯಿತು. ಅಲ್ಲಿ ಒಳ್ಳೆಯ ಫಿಲ್ಟರ್ ಹಾಕುವುದು ನಮ್ಮ ಕೆಲಸ. ನಿಖರವಾದ ಫ್ರೀಕ್ವೆನ್ಸಿ ಅಂತರರಾಷ್ಟ್ರೀಯ ಹೊಂದಾಣಿಕೆ ಮುಗಿದ ಮೇಲೆ ತಿಳಿಸುತ್ತೇವೆ.

ಟ್ರಾನ್ಸ್‌ಪಾಂಡರ್ ಇನ್ವರ್ಟಿಂಗ್ ಬಗೆಯದು, ಅಂದರೆ ಬ್ಯಾಂಡಿನ ತುಂಡನ್ನು ತಿರುವಿ ಹಾಕುತ್ತದೆ. ನೀವು ಎಲ್‌ಎಸ್‌ಬಿಯಲ್ಲಿ (ಎಸ್‌ಎಸ್‌ಬಿಯ ಕೆಳಬದಿ) ಕಳಿಸಿದರೆ ಕೆಳಗೆ ಯುಎಸ್‌ಬಿಯಾಗಿ (ಮೇಲ್ಬದಿ) ಬರುತ್ತದೆ. ಸುಮ್ನೆ ಗೊಂದಲ ಮಾಡಲು ಅಲ್ಲ. ಉಪಗ್ರಹದ ವೇಗಕ್ಕೆ 435ರಲ್ಲಿ ಹತ್ತು ಕಿಲೋಹರ್ಟ್ಸ್‌ವರೆಗೂ, 145ರಲ್ಲಿ ಮೂರೂವರೆವರೆಗೂ ಡಾಪ್ಲರ್ (ಚಲನೆಯಿಂದ ಫ್ರೀಕ್ವೆನ್ಸಿ ಜರುಗುವುದು) ಬರುತ್ತದೆ. ತಿರುವಿ ಹಾಕಿದಾಗ ಒಂದರಿಂದ ಇನ್ನೊಂದು ಕಳೆಯುತ್ತದೆ. ಹಾಗೇ ಬಿಟ್ಟರೆ ಎರಡೂ ಕೂಡಿಕೊಳ್ಳುತ್ತವೆ.

ಬ್ಯಾಟರಿ ವಿಷಯದಲ್ಲಿ ನಮ್ಮ ಗುರು ಆಸ್ಕರ್-7 ಎಂಬ ಹಳೆಯ ಹ್ಯಾಮ್ ಉಪಗ್ರಹ. 1974ರ ನವೆಂಬರ್‌ನಲ್ಲಿ ಹಾರಿತು, 1981ರಲ್ಲಿ ಬ್ಯಾಟರಿ ಶಾರ್ಟ್ ಆಗಿ ಸತ್ತಿತು. 2002ರಲ್ಲಿ ಯಾರೂ ಕೇಳದೆ ತಾನಾಗಿಯೇ ಎದ್ದು ಕೂತಿತು! ಶಾರ್ಟ್ ಆಗಿದ್ದ ಸೆಲ್ ಯಾವಾಗಲೋ ಕಡಿದುಹೋಗಿ, ಸೋಲಾರ್ ಪ್ಯಾನೆಲ್‌ನ ಕರೆಂಟ್ ನೇರವಾಗಿ ರೇಡಿಯೊಗೆ ಸಿಕ್ಕಿತು. ಆಮೇಲೆ ಬಿಸಿಲಲ್ಲಿ ಮಾತ್ರ ಕೆಲಸ, ನೆರಳಲ್ಲಿ ನಿದ್ದೆ. ಇತ್ತ ಭಾರತದ ಹ್ಯಾಮ್ ಉಪಗ್ರಹ ಹ್ಯಾಮ್‌ಸ್ಯಾಟ್ 2005ರಲ್ಲಿ ಹಾರಿ ಒಂಬತ್ತು ವರ್ಷ ದುಡಿದು, 2014ರಲ್ಲಿ ಬ್ಯಾಟರಿ ಕೈಕೊಟ್ಟು ನಿಂತಿತು. ಆಸ್ಕರ್-7ಕ್ಕೆ ಅದೃಷ್ಟದಿಂದ ಆದದ್ದನ್ನು ನಾವು ಬೇಕೆಂದೇ ಮಾಡುತ್ತಿದ್ದೇವೆ. ಬ್ಯಾಟರಿ ಹಾಳಾದರೆ ಸರ್ಕ್ಯೂಟ್ ಅದನ್ನು ಕಡಿದುಹಾಕುತ್ತದೆ. ಬಿಸಿಲಿಗೆ ಬಂದಾಗೆಲ್ಲ ಟ್ರಾನ್ಸ್‌ಪಾಂಡರ್ ತಾನಾಗಿ ಏಳುತ್ತದೆ. ಇದಕ್ಕಾಗಿ ಮೊದಲಿನ ಯೋಜನೆಯಲ್ಲಿದ್ದ ಪುಟ್ಟ ಕ್ಯಾಮೆರಾ ಕೈಬಿಟ್ಟಿದ್ದೇವೆ. ಫೋಟೊಗೆ ಕಾಯುತ್ತಿದ್ದವರು ಕ್ಷಮಿಸಿ, ಆದರೆ ಇದರ ಬಗ್ಗೆ ನಮಗೆ ಎರಡನೇ ಯೋಚನೆ ಇಲ್ಲ.

ಉಳಿದದ್ದರಲ್ಲಿ ಬದಲಾವಣೆ ಇಲ್ಲ. ಆಂಟೆನಾ ಅದೇ ಅಳತೆ ಟೇಪಿನ ಉಕ್ಕಿನ ಪಟ್ಟಿ. ನೈಲಾನ್ ದಾರದಲ್ಲಿ ಕಟ್ಟಿ, ಮೇಲೆ ಹೋದ ಮೇಲೆ ದಾರ ಸುಟ್ಟು ಬಿಚ್ಚುವುದು. ದಿಕ್ಕು ಹಿಡಿದಿಡಲು ಒಂದು ಕಾಯಂ ಅಯಸ್ಕಾಂತ.

ಎಫ್‌ಎಂ ಹ್ಯಾಂಡಿ ಮಾತ್ರ ಇರುವವರಿಗೆ ಆಕಾಶವೇನೂ ಖಾಲಿಯಾಗಿಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಿಪೀಟರ್ ಇದೆ. ಅದು ಆನ್ ಇರುವಾಗ 145.990ರಲ್ಲಿ 67 ಹರ್ಟ್ಸ್ ಟೋನ್ ಹಾಕಿ ಕಳಿಸಿ, 437.800ರಲ್ಲಿ ಕೇಳಿ. ನಮ್ಮ ಕಿಟ್‌ನ ಎರಡು ಬ್ಯಾಂಡಿನ ಯಾಗಿ ಆಂಟೆನಾ ಅದಕ್ಕೂ ಆಗುತ್ತದೆ.

ಈಗ ನಿಮ್ಮ ಕಿಟ್. ಆಂಟೆನಾ ಮತ್ತು ಕಂಪ್ಯೂಟರ್‌ಗೆ ಸಿಕ್ಕಿಸುವ ಯುಎಸ್‌ಬಿ ರಿಸೀವರ್ ಹಾಗೇ ಇರುತ್ತವೆ. ಫಿಲ್ಟರ್ ಬೋರ್ಡ್ ಮಾತ್ರ ಹೊಸದು. ಅದಕ್ಕೆ ಹೆಚ್ಚಿನ ಹಣ ಕೇಳುವುದಿಲ್ಲ. ಕೇಳುವುದಷ್ಟೇ ಸಾಕು ಎನ್ನುವವರಿಗೆ ಬೇರೇನೂ ಬೇಡ. ಮಾತಾಡಬೇಕಾದರೆ 435ರಲ್ಲಿ ಎಸ್‌ಎಸ್‌ಬಿ ಅಥವಾ ಮೋರ್ಸ್ ಕಳಿಸುವ ಸೆಟ್ ನಿಮ್ಮದೇ ಇರಬೇಕು. ಅದು ನಿಮ್ಮ ಖರ್ಚು, ಸಣ್ಣದಲ್ಲ ಎಂಬುದೂ ಗೊತ್ತು. ಅದಕ್ಕೇ, ಕಿಟ್ ಬೇಡ ಎನ್ನುವವರಿಗೆ ಕೊಟ್ಟ ಹಣ ಪೂರ್ತಿ ವಾಪಸ್. ಕಾರಣ ಕೇಳುವುದಿಲ್ಲ.

ಮುಂದುವರಿಯುವವರಲ್ಲಿ ಎರಡು ವಿನಂತಿ. ಕಳಿಸುತ್ತಿರುವಾಗಲೇ ನಿಮ್ಮ ಸಿಗ್ನಲ್ ಕೆಳಗೆ ಹೇಗೆ ಬರುತ್ತಿದೆ ಎಂದು ಹೆಡ್‌ಫೋನ್‌ನಲ್ಲಿ ಕೇಳಿಸಿಕೊಳ್ಳಿ. ಅದು ಬೀಕನ್‌ಗಿಂತ (ಉಪಗ್ರಹದ ಸ್ವಂತ ಗುರುತಿನ ಸಿಗ್ನಲ್) ಜೋರಾಗಿದ್ದರೆ ಪವರ್ ಇಳಿಸಿ. ಒಬ್ಬರು ಜಾಸ್ತಿ ಪವರ್ ಸುರಿದರೆ ಉಪಗ್ರಹ ತಾನೇ ಗೇನ್ ತಗ್ಗಿಸುತ್ತದೆ, ಆಗ ಉಳಿದವರೆಲ್ಲ ಮಾಯ. ಎರಡನೆಯದು, ಇದರೊಳಗೆ ಎಫ್‌ಎಂ ಕಳಿಸಲೇಬೇಡಿ. ಕಳಿಸಿದರೆ ಹೋಗುತ್ತದೆ, ಅದೇ ತೊಂದರೆ!

ಕಿಟ್ ಬೇಕೋ ಬೇಡವೋ ಎಂದು ಈ ಪತ್ರಕ್ಕೇ ಉತ್ತರ ಬರೆಯಿರಿ. ನಿಮ್ಮ ಹತ್ತಿರ ಯಾವ ಸೆಟ್ ಇದೆ ಎಂದೂ ತಿಳಿಸಿ, ಅದಕ್ಕೆ ಹೊಂದುವ ಕೇಬಲ್ ಕಿಟ್ ಜೊತೆಗೇ ಹಾಕಿ ಕಳಿಸುತ್ತೇವೆ.

73 (ಹ್ಯಾಮ್‌ಗಳ ಮಾತಿನಲ್ಲಿ ಶುಭ ಹಾರೈಕೆ),
ಸಂಘದ ಉಪಗ್ರಹ ತಂಡ