ಮಗಳಿಗೊಂದು ಪತ್ರ: ಸತ್ತ ಮಂಗ, ದೊಡ್ಡಪ್ಪನ ಸಿಟ್ಟು, ನಿನ್ನ ಪ್ರಶ್ನೆ

ಪುಟ್ಟೀ,

ದೊಡ್ಡಪ್ಪ ಬೆಳಿಗ್ಗೆಯಿಂದ ಮುಖ ಗಂಟು ಹಾಕಿಕೊಂಡು ಕೂತಿದ್ದಾರೆ. ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ನೀನು ಬರೆದದ್ದನ್ನು ವಾಪಸ್ ತಗೊಳ್ಳಬೇಕಂತೆ. "ದೇವರ ವಿಷಯಕ್ಕೆ ಬಾಯಿ ಹಾಕೋದನ್ನ ಅವಳಿಗೆ ಯಾರು ಕಲಿಸಿದ್ದು?" ಅಂತ ಕೇಳಿದರು. ನಾನೇ ಇರಬೇಕು ಅಂದೆ. ನೀನು ವಾಪಸ್ ತಗೋಬೇಡ. ಇದನ್ನೆಲ್ಲ ಫೋನಿನಲ್ಲಿ ಹೇಳೋಣ ಅಂದರೆ ನಮ್ಮಲ್ಲಿ ನೆಟ್‌ವರ್ಕ್ ಅಷ್ಟಕ್ಕಷ್ಟೇ, ಅದಕ್ಕೇ ಬರೆಯುತ್ತಿದ್ದೇನೆ.

ಗ್ರೂಪಿಗೆ ಬಂದ ಫೋಟೋದಲ್ಲಿ ಕಾಣದ್ದನ್ನೂ ಹೇಳುತ್ತೇನೆ. ತೋಟದ ಮೇಲಿನ ಗುಡ್ಡದಲ್ಲಿ ಮಂಗ ಸತ್ತು ಬಿದ್ದಿತ್ತು. ಆಂಜನೇಯ ಅಂತ ದೊಡ್ಡಪ್ಪ ಅದಕ್ಕೆ ಪಂಚೆ ಹೊದಿಸಿ, ಕುಂಕುಮ ಹಚ್ಚಿ, ದಾಸವಾಳ ಇಟ್ಟು ಮಣ್ಣು ಮಾಡಿಸಿದರು. ಮಕ್ಕಳೆಲ್ಲ ಸುತ್ತ ನಿಂತು ಕೈ ಮುಗಿದವು. ಚಿಕ್ಕವನು ಬಾಲ ಹಿಡಿದು ಎತ್ತಿಯೂ ನೋಡಿದ. ನೀನು ಕೇಳಿದ್ದು ಇಷ್ಟೇ: ಸತ್ತ ಮಂಗ ಮುಟ್ಟಿದರೆ ಪುಣ್ಯ ಅಂತ ಯಾರು ಹೇಳಿದರು, ಅದಕ್ಕೆ ಮಂಗನ ಕಾಯಿಲೆ ಇದ್ದಿದ್ದರೆ?

ಈ ಪ್ರಶ್ನೆಯನ್ನು ಬೇರೆ ಊರಿನವರು ಕೇಳದಿದ್ದರೂ ನಡೆಯುತ್ತದೆ, ನಮ್ಮ ಶಿವಮೊಗ್ಗ ಜಿಲ್ಲೆಯವರು ಕೇಳಲೇಬೇಕು. ಆ ಕಾಯಿಲೆ ಜಗತ್ತಿಗೆ ಮೊದಲು ಗೊತ್ತಾಗಿದ್ದೇ 1957ರಲ್ಲಿ, ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಂಗ ಸತ್ತಾಗ ಅದರ ಮೈಯಲ್ಲಿರುವ ಉಣುಗು ಕೆಳಗಿಳಿದು ಸುತ್ತಮುತ್ತ ಹರಡಿಕೊಳ್ಳುತ್ತದೆ, ದರಗು ತರಲು ಹೋದವರಿಗೋ ದನದ ಹಿಂದೆ ಹೋದವರಿಗೋ ಕಚ್ಚುತ್ತದೆ, ಕಾಯಿಲೆ ಹತ್ತುವುದು ಹಾಗೆ. 2019ರಲ್ಲಿ ಸಾಗರದ ಅರಳಗೋಡು ಕಡೆ ಎಷ್ಟು ಮನೆಗಳಲ್ಲಿ ಸಾವಾಯಿತು ಅನ್ನೋದು ದೊಡ್ಡಪ್ಪನಿಗೂ ಗೊತ್ತು. ಗೊತ್ತಿದ್ದೂ ಅವರು ಕೊಟ್ಟ ಉತ್ತರ, "ಅದು ನಂಬಿಕೆ, ನಂಬಿಕೆಯನ್ನ ಪ್ರಶ್ನೆ ಮಾಡಬಾರದು." ಮಕ್ಕಳಿಗೆ ಬಿಸಿನೀರು ಹಾಕಿಸಿ, ಬಟ್ಟೆ ಕುದಿಸಿ, ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದೆ. ಆರೋಗ್ಯ ಇಲಾಖೆಯವರು ಬಂದು ಆ ಜಾಗಕ್ಕೆ ಉಣುಗು ಸಾಯುವ ಪುಡಿ ಹೊಡೆದು ಹೋದರು. ಯಾರಿಗೂ ಜ್ವರ ಬಂದಿಲ್ಲ, ಗಾಬರಿ ಬೇಡ.

ನನಗೆ ಅರ್ಥವಾಗದ್ದು ಇದು. ಇದೇ ದೊಡ್ಡಪ್ಪ ಉಳಿದ ಯಾವುದನ್ನೂ ಪ್ರಶ್ನೆ ಮಾಡದೆ ಬಿಡುವವರಲ್ಲ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಅಂತ ಅಧಿಕಾರಿ ಹೇಳಿದರೆ ಸುಮ್ನೆ ಒಪ್ಪುತ್ತಾರಾ? ಯಾಕೆ ಅಷ್ಟೇ, ಕಳೆದ ವರ್ಷ ಯಾರ ತೋಟದಲ್ಲಿ ಹೊಡೆದಿರಿ, ಕೊಳೆ ನಿಂತಿತಾ ಅಂತ ಅವರ ಪ್ರಾಣ ತಿನ್ನುತ್ತಾರೆ. ಅಡಿಕೆ ರೇಟು, ಪಂಚಾಯ್ತಿ ರಸ್ತೆ, ಪಾರ್ಟಿ ವಿಷಯ ಬಂದರಂತೂ ಕೇಳೋದೇ ಬೇಡ. ಬೇರೆ ಧರ್ಮದವರ ಆಚಾರದ ಬಗ್ಗೆ ನಗೆಚಾಟಿಕೆಯ ಫಾರ್ವರ್ಡ್ ಬಂದರೆ ಎಲ್ಲರಿಗಿಂತ ಮೊದಲು ಗ್ರೂಪಿಗೆ ಹಾಕುವವರೂ ಅವರೇ. ಆಗ ಯಾರ ಭಾವನೆಗೂ ನೋವಾಗಲ್ಲ, ಅಲ್ವಾ?

ಇನ್ನು ತೋಟದ ಬೇಲಿಗೆ ಅವರು ಕಟ್ಟಿರುವ ಬೋರ್ಡು ನೀನೂ ನೋಡಿದ್ದೀಯಲ್ಲ, 'ಈ ತೋಟಕ್ಕೆ ಸಿಗಂದೂರು ಚೌಡೇಶ್ವರಿ ಅಮ್ಮನ ಕಾವಲಿದೆ' ಅಂತ. ಈ ಸಲದ ಕೊಯ್ಲಿಗೆ ಮುಂಚೆ ಅದೇ ಕಂಬಕ್ಕೆ ಸಿಸಿ ಕ್ಯಾಮೆರಾನೂ ಬಿಗಿಸಿದ್ದಾರೆ. ಅಮ್ಮನ ಮೇಲೆ ನಂಬಿಕೆ ಕಡಿಮೆಯಾಯ್ತಾ ಭಾವಾ ಅಂತ ಕೇಳಬೇಕು ಅನ್ನಿಸಿತು, ಬಿಡು, ಅವತ್ತು ಊಟಕ್ಕೆ ಜನ ಇದ್ದರು.

ಪ್ರಶ್ನೆ ಕೇಳೋದು ಪೇಟೆಗೆ ಹೋಗಿ ಓದಿದವರ ಚಟ ಅಂತ ಅವರ ವಾದ. ಆದರೆ ಪ್ರಶ್ನೆ ಕೇಳೋದು ನಮ್ಮ ನೆಲದಲ್ಲೇ ಇತ್ತು: ಅಲ್ಲಮ ಬಳ್ಳಿಗಾವಿಯವನು, ಅಕ್ಕಮಹಾದೇವಿ ಉಡುತಡಿಯವಳು, ಎರಡೂ ಶಿಕಾರಿಪುರ ತಾಲೂಕು. ಕಲ್ಯಾಣದ ಅನುಭವ ಮಂಟಪಕ್ಕೆ ಅಕ್ಕ ಬಂದಾಗ ಅಲ್ಲಮ ಕೈ ಮುಗಿದು ಒಳಗೆ ಕರೆಯಲಿಲ್ಲ, ನಿನ್ನ ಗಂಡ ಯಾರು, ಬಟ್ಟೆ ಬಿಟ್ಟವಳಿಗೆ ಕೂದಲಿನ ಮರೆ ಯಾಕೆ ಅಂತ ತುಂಬಿದ ಸಭೆಯಲ್ಲಿ ಕೇಳಿದ ಅಂತ ಶರಣರ ಕಥೆಗಳಲ್ಲಿ ಬರುತ್ತದೆ. ಅಕ್ಕ ಅಳುತ್ತಾ ಹೋಗಲಿಲ್ಲ, ನಿಂತು ಉತ್ತರ ಕೊಟ್ಟಳು. ಅದೇ ಬಳ್ಳಿಗಾವಿಯ ಕೋಡಿಮಠದ 1162ರ ಶಾಸನ ನೋಡಿದರೆ, ಆ ಶೈವ ಮಠದಲ್ಲಿ ನ್ಯಾಯ, ಸಾಂಖ್ಯದ ಜೊತೆ ಬೌದ್ಧರ ಮತವನ್ನೂ ಓದಿಸುತ್ತಿದ್ದರು. ಎದುರಿನವರು ಏನು ಹೇಳುತ್ತಾರೆ ಅಂತ ಗೊತ್ತಿಲ್ಲದೆ ವಾದಕ್ಕೆ ಕೂರುವ ರೂಢಿ ಅವರಿಗೆ ಇರಲಿಲ್ಲ.

ಸೊರಬ ತಾಲೂಕಿನ ಚಂದ್ರಗುತ್ತಿಯದ್ದು ಬೇರೆ ಕಥೆ, ಅಲ್ಲಿ ಹೀಗೆ ನೆಟ್ಟಗೆ ನಡೆಯಲಿಲ್ಲ. ರೇಣುಕಾಂಬೆಗೆ ಹರಕೆ ಹೊತ್ತವರು ವರದೆಯಲ್ಲಿ ಮಿಂದು ಮೈಮೇಲೆ ಬಟ್ಟೆಯಿಲ್ಲದೆ ಗುಡ್ಡ ಹತ್ತುತ್ತಿದ್ದರು. 1986ರಲ್ಲಿ ದಲಿತ ಸಂಘರ್ಷ ಸಮಿತಿಯವರು ಅದನ್ನು ತಡೆಯಲು ಹೋದಾಗ ಗಲಾಟೆ ಆಗಿ, ಭಕ್ತರ ಗುಂಪಿನವರು ಕಾರ್ಯಕರ್ತರನ್ನೂ ಪೊಲೀಸರನ್ನೂ ಹೊಡೆದು ಬಟ್ಟೆ ಬಿಚ್ಚಿ ನಡೆಸಿದರು. ಆಮೇಲೆ ಸರ್ಕಾರ ಬೆತ್ತಲೆ ಸೇವೆ ನಿಷೇಧ ಮಾಡಿತು. ಆಗಲೂ ಎಲ್ಲರ ಬಾಯಲ್ಲಿ ಇದೇ ಮಾತು, ನಂಬಿಕೆಗೆ ಕೈ ಹಾಕಬೇಡಿ. ಆದರೆ ಹಾಗೆ ಗುಡ್ಡ ಹತ್ತುತ್ತಿದ್ದವರಲ್ಲಿ ಬಡವರ ಮನೆ, ದಲಿತರ ಮನೆ ಹೆಂಗಸರೇ ಜಾಸ್ತಿ. ಪ್ರಶ್ನೆ ಎತ್ತಿದವರೂ ಅದೇ ಕೇರಿಗಳವರು. ನೋಡಲು ಬಂದು ನಿಂತವರಿಗೆ ಆ ಪ್ರಶ್ನೆಯಿಂದ ನೋವಾಯಿತಂತೆ, ಹತ್ತಿದವಳಿಗೆ ಏನಾಯಿತು ಅಂತ ಯಾರೂ ಕೇಳಲಿಲ್ಲ. ಭಾವನೆಗೆ ಧಕ್ಕೆ ಅನ್ನೋ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಇದೇ. ಯಾರ ಭಾವನೆ ಅಂತ ಕೇಳಬೇಕು.

ದೊಡ್ಡಪ್ಪನ ಕಡೆಗೂ ಒಂದು ಗಟ್ಟಿ ವಾದ ಇದೆ, ಅವರಿಗೆ ಹೇಳೋಕೆ ಬರಲ್ಲ ಅಷ್ಟೇ. ಶಬರಿಮಲೆಗೆ ಎಲ್ಲ ವಯಸ್ಸಿನ ಹೆಂಗಸರೂ ಹೋಗಬಹುದು ಅಂತ ಸುಪ್ರೀಂ ಕೋರ್ಟಿನ ತೀರ್ಪು 2018ರಲ್ಲಿ ಬಂತಲ್ಲ, ಐದು ಜನ ನ್ಯಾಯಮೂರ್ತಿಗಳಲ್ಲಿ ಒಪ್ಪದೆ ಬೇರೆ ತೀರ್ಪು ಬರೆದವರು ಒಬ್ಬರೇ, ಇಂದೂ ಮಲ್ಹೋತ್ರಾ, ಆ ಪೀಠದಲ್ಲಿದ್ದ ಒಬ್ಬಳೇ ಹೆಂಗಸು. ಧರ್ಮದ ವಿಷಯಕ್ಕೆ ತರ್ಕದ ಲೆಕ್ಕ ಹಚ್ಚಬಾರದು, ಯಾವ ಆಚರಣೆ ಮುಖ್ಯ ಅನ್ನೋದನ್ನ ಆ ಧರ್ಮದವರೇ ತೀರ್ಮಾನಿಸಲಿ ಅಂತ ಅವರ ಅಭಿಪ್ರಾಯ. ನ್ಯಾಯಾಲಯದ ಮಟ್ಟಿಗೆ ಅದರಲ್ಲಿ ಅರ್ಧ ಒಪ್ಪುತ್ತೇನೆ, ಪ್ರತಿಯೊಂದು ದೇವಸ್ಥಾನದ ಬಾಗಿಲಿಗೂ ಜಡ್ಜು ಬಂದು ನಿಲ್ಲೋದು ಚೆನ್ನಾಗಿರಲ್ಲ. ಆದರೆ ಆ ಧರ್ಮದವರು ಅಂದರೆ ಯಾರು? ನೀನೂ ನಾನೂ ಅದರಲ್ಲಿ ಇಲ್ವಾ? ಕೋರ್ಟು ಕೇಳಬಾರದು ಅಂದರೆ ಮನೆಯವರು ಇನ್ನೂ ಜೋರಾಗಿ ಕೇಳಬೇಕಾಗುತ್ತದೆ.

ಕಾನೂನು ಗೊತ್ತಿರಲಿ. ಹಳೆಯ 295ಎ ಕಲಂ, 1927ರಲ್ಲಿ ಬ್ರಿಟಿಷರು ಸೇರಿಸಿದ್ದು, ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 299 ಆಗಿದೆ. ಬೇಕಂತಲೇ, ಕೆಟ್ಟ ಉದ್ದೇಶದಿಂದ ಧರ್ಮಕ್ಕೆ ಅವಮಾನ ಮಾಡಿದರೆ ಅಪರಾಧ. ಕೇಳಿದ್ದೇ ಅಪರಾಧ ಅಂತ ಅದರಲ್ಲಿ ಇಲ್ಲ. ಪ್ರಶ್ನಿಸುವ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಕರ್ತವ್ಯ ಅಂತ ಸಂವಿಧಾನದ 51ಎ ಹೇಳುತ್ತದೆ. ಹಾಗಂತ ನನಗೆ ಹೆದರಿಕೆ ಇಲ್ಲ ಅಂದುಕೋಬೇಡ. 2015ರಲ್ಲಿ ಧಾರವಾಡದಲ್ಲಿ ಕಲಬುರ್ಗಿಯವರನ್ನು, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಅವರವರ ಮನೆ ಬಾಗಿಲಲ್ಲೇ ಕೊಂದರು. ನೀನು ರಾತ್ರಿ ಫೋನ್ ಎತ್ತದಿದ್ದರೆ ನನಗೆ ನಿದ್ದೆ ಬರಲ್ಲ. ಆದರೂ ಸುಮ್ಮನಿರು ಅಂತ ಹೇಳುವ ಮನಸ್ಸಾಗುತ್ತಿಲ್ಲ.

ಒಂದು ಸಾಲು ಮಾತ್ರ ಅಳಿಸು, ಕೊನೆಯದು, "ಅಜ್ಜಿಯಂಥವರಿಗೆ ಇದೆಲ್ಲ ತಲೆಗೆ ಹೋಗಲ್ಲ" ಅಂತ ಬರೆದದ್ದು. ಅದರಲ್ಲಿ ಮಂಗನ ಕಾಯಿಲೆಯೂ ಇಲ್ಲ, ನಂಬಿಕೆಯೂ ಇಲ್ಲ. ಅಜ್ಜಿಗೆ ಟೈಪ್ ಮಾಡೋಕೆ ಬರಲ್ಲ, ಅಲ್ಲಿ ಉತ್ತರ ಕೊಡೋಕೆ ಆಗಲ್ಲ. ಬಂದಾಗ ಎದುರು ಕೂತು ಕೇಳು, ಅವರ ನಾಲಿಗೆ ನಿನ್ನದಕ್ಕಿಂತ ಹರಿತ.

ದೊಡ್ಡಪ್ಪ ಈಗ ಜಗುಲಿಯಿಂದ ಕೂಗಿ ನಿನಗೊಂದು ಪ್ರಶ್ನೆ ಹೇಳಿ ಕಳಿಸಿದ್ದಾರೆ. "ಅಷ್ಟೆಲ್ಲ ವಿಚಾರವಾದಿ ಆದವಳು ಪರೀಕ್ಷೆ ಬಂತು ಅಂದ ಕೂಡಲೇ ಕೈಗೆ ಸಿಗಂದೂರಿನ ದಾರ ಯಾಕೆ ಕಟ್ಟಿಸ್ಕೊಳ್ತಾಳೆ, ಕೇಳು." ನಾನು ಏನೂ ಹೇಳಿಲ್ಲ. ಗ್ರೂಪಿನಲ್ಲೇ ಉತ್ತರ ಕೊಡು, ಅವರು ಕಾಯುತ್ತಿದ್ದಾರೆ.

ನಿನ್ನ
ಅಮ್ಮ