ಕೊನೆ ಸ್ಲೈಡ್‌ನಲ್ಲಿದ್ದ ಹೆಸರು

ಹೋದ ವಾರ ಶಿವಮೊಗ್ಗದಲ್ಲಿ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗದ ಬಗ್ಗೆ ನಮ್ಮ ಸಂಶೋಧನೆಯನ್ನು ಮಂಡಿಸಿ ಬಂದೆವು. ಎರಡು ಮಳೆಗಾಲದ ಕೆಲಸ. ಅದರ ವಿವರ ಮತ್ತೆ ಬರೆಯುವುದಿಲ್ಲ. ಎರಡು ವರ್ಷದಿಂದ ಕೇಳಿ ಕೇಳಿ ನಿಮಗೂ ಸಾಕಾಗಿರಬೇಕು.

ತೋಟದೊಳಗೆ ಬಿಟ್ಟುಕೊಂಡ ತೀರ್ಥಹಳ್ಳಿ ಕಡೆಯ ಬೆಳೆಗಾರರು, ಭಾನುವಾರವೂ ಲ್ಯಾಬ್ ಕೀಲಿ ಕೊಟ್ಟ ಅಟೆಂಡರ್, ದಿನಾ ಮಳೆ ಅಳೆದು ಬರೆದಿಟ್ಟ ಬಿಎಸ್ಸಿ ಹುಡುಗರು, ಎಲ್ಲರಿಗೂ ಧನ್ಯವಾದ.

ಇನ್ನು ಅವಳ ವಿಷಯ. ನನ್ನ ಎಂಎಸ್ಸಿ ವಿದ್ಯಾರ್ಥಿನಿ. "ಫೇಸ್‌ಬುಕ್ಕಲ್ಲಿ ನನ್ನ ಹೆಸರು ಬೇಡ ಸರ್, ರಿಸರ್ಚ್ ಪೇಪರ್‌ನಲ್ಲಿ ಇದ್ರೆ ಸಾಕು" ಅಂದಿದ್ದಾಳೆ. ಹಾಗಾಗಿ ಇಲ್ಲಿ ಹೆಸರಿಲ್ಲ.

ಹೋದ ವರ್ಷ ಜುಲೈನ ಒಂದು ರಾತ್ರಿ. ಹೊರಗೆ ಧೋ ಅಂತ ಮಳೆ. ಕರೆಂಟ್ ಹೋಯಿತು, ಸ್ವಲ್ಪ ಹೊತ್ತಿಗೆ ಯುಪಿಎಸ್ಸೂ ಕೈಕೊಟ್ಟಿತು. ಕೊಳೆರೋಗದ ಬೀಜಾಣುಗಳು ನೀರಿನಲ್ಲಿ ಈಜುತ್ತವೆ. ಕೆಲವೇ ಗಂಟೆಗಳಲ್ಲಿ ಈಜು ನಿಲ್ಲಿಸಿ ಸುತ್ತ ಗೋಡೆ ಕಟ್ಟಿಕೊಂಡು ಕೂತುಬಿಡುತ್ತವೆ. ಅಷ್ಟರೊಳಗೆ ಎಣಿಸದಿದ್ದರೆ ಹದಿನೈದು ದಿನದ ತಯಾರಿ ನೀರುಪಾಲು. ನಾನು ಕೈಚೆಲ್ಲಿ ಮೆಟ್ಟಿಲ ಮೇಲೆ ಕೂತೆ. ಮನೆಯಲ್ಲಿ ಅಮ್ಮನಿಗೆ ಹುಷಾರಿರಲಿಲ್ಲ, ಅದೂ ಸೇರಿ ಕಣ್ಣಲ್ಲಿ ನೀರು ಬಂತು. ಅವಳು ಅದನ್ನು ನೋಡಿಯೂ ನೋಡದ ಹಾಗೆ, "ಸರ್, ಕನ್ನಡಿ ಇರೋ ಹಳೇ ಮೈಕ್ರೋಸ್ಕೋಪು ಬೀರುವಿನಲ್ಲಿ ಇದೆಯಲ್ಲಾ?" ಅಂದಳು. ಕನ್ನಡಿಗೆ ಮೊಬೈಲ್ ಟಾರ್ಚ್ ಹಿಡಿದು ಬೆಳಗಿನ ಜಾವ ನಾಲ್ಕರವರೆಗೆ ಎಣಿಸಿದಳು. ನಾನು ಟಾರ್ಚ್ ಹಿಡಿದಿದ್ದೆ, ಅಷ್ಟೇ.

ಅವಳ ಅಪ್ಪ ಕೊನೆಗಾರರು, ಅಂದರೆ ಅಡಿಕೆ ಮರ ಹತ್ತಿ ಕೊನೆ (ಗೊನೆ) ಕೊಯ್ಯುವವರು. ಉದುರಿದ ಕಾಯಿ ಆರಿಸುತ್ತಿದ್ದ ನಮ್ಮನ್ನು ನೋಡಿ, "ನೆಲ ಮುಟ್ಟಿದ್ದು ಬೇಡ ಮೇಷ್ಟ್ರೇ, ಮಣ್ಣಿನ ರೋಗವೂ ಸೇರಿರತ್ತೆ" ಅಂತ ಹೇಳಿ, ಜಾರುವ ಮರ ಹತ್ತಿ ಕೊನೆ ಇಳಿಸಿಕೊಟ್ಟರು.

ಇಷ್ಟಾದ ಮೇಲೆ ನಾನು ಮಾಡಿದ್ದೇನು? ಹೋದ ವರ್ಷದ ಸೆಮಿನಾರಿನಲ್ಲಿ ಹತ್ತು ನಿಮಿಷವೂ "ನಾನು ನೋಡಿದೆ, ನಾನು ಎಣಿಸಿದೆ" ಅಂದೆ. ಅವಳ ಹೆಸರು ಕೊನೆಯ ಸ್ಲೈಡ್‌ನಲ್ಲಿ, ಸಣ್ಣ ಅಕ್ಷರದಲ್ಲಿ ಇತ್ತು. ಗಂಟೆ ಹೊಡೆದರು, ಆ ಸ್ಲೈಡ್ ಬರಲೇ ಇಲ್ಲ. ಅವಳು ಹಿಂದಿನ ಸಾಲಿನಲ್ಲಿ ಕೂತಿದ್ದಳು. ವಾಪಸ್ ಬರುವಾಗ ಬಸ್ಸು ಮಂಡಗದ್ದೆ ದಾಟಿದ ಮೇಲೆ, ಕಿಟಕಿ ಕಡೆ ನೋಡುತ್ತಾ, "ಟೈಮ್ ಸಾಲಲಿಲ್ಲ ಅಲ್ವಾ ಸರ್" ಅಂದಳು. ನನ್ನನ್ನು ಸಮಾಧಾನ ಮಾಡಲು! ಬೈದಿದ್ದರೆ ಎಷ್ಟೋ ವಾಸಿ ಇತ್ತು.

1910ರಲ್ಲೇ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಕೋಲ್ಮನ್ ಸಾಹೇಬರು ಕೊಳೆರೋಗದ ಬಗ್ಗೆ ಬರೆದಿದ್ದರು. ಕೊಳೆರೋಗ ತಡೆಯಲು ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವಾಗೆಲ್ಲ ಹಿರಿಯರು ಅವರ ಹೆಸರು ಹೇಳುತ್ತಾರೆ. ಅವರಿಗೂ ಯಾರೋ ಮರ ಹತ್ತಿ ಕೊನೆ ಇಳಿಸಿಕೊಟ್ಟಿರಬೇಕಲ್ವಾ.

ಯಾರು ಏನು ಮಾಡಿದರು ಅಂತ ದಾಖಲಿಸಲು ಈಗ ಕ್ರೆಡಿಟ್ ಅನ್ನೋ ಪದ್ಧತಿಯಿದೆ. ಅದರಲ್ಲಿ 14 ಪಾತ್ರಗಳು. ಈ ಸಲ ಇಬ್ಬರೂ ಕೂತು ಟಿಕ್ ಹಾಕಿದೆವು. ಅವಳಿಗೆ ಎಂಟು, ನನಗೆ ಐದು. ಹಣ ತಂದವರ ಜಾಗ ಖಾಲಿ, ಪೆಟ್ರೋಲು ಜೇಬಿನದೇ. ಹಾಗಾಗಿ ಮೊದಲ ಲೇಖಕಿ ಅವಳೇ. "ಏನ್ರೀ, ಗೈಡ್ ಎರಡನೆಯವರಾ?" ಅಂತ ಸ್ಟಾಫ್ ರೂಮಿನಲ್ಲಿ ನಕ್ಕರು. ನಗಲಿ. ಮೊದಲ ಸ್ಲೈಡ್‌ನಲ್ಲೇ ಅವಳ ಹೆಸರು, ಎರಡನೆಯದರಲ್ಲಿ ಅವಳ ಅಪ್ಪನ ಹೆಸರು. ಎಣಿಕೆಯ ಪ್ರಶ್ನೆ ಬಂದಾಗ ನಾನು ಮೈಕ್ ಅವಳ ಕೈಗೆ ಕೊಟ್ಟು ಕೂತೆ. ನನಗಿಂತ ಚೆನ್ನಾಗಿ ಹೇಳಿದಳು, ಸುಮ್ನೆ ಹೊಗಳುತ್ತಿಲ್ಲ.

ಹಾಕುವ ಮೊದಲು ಈ ಬರಹವನ್ನು ಅವಳಿಗೆ ತೋರಿಸಿದೆ. "ನಾಲ್ಕಲ್ಲ ಸರ್, ನಾಲ್ಕೂ ಮುಕ್ಕಾಲು" ಅಂದಳು. ಲ್ಯಾಬ್ ಪುಸ್ತಕ ತೆಗೆದು ನೋಡಿದೆ. ನಾಲ್ಕೂ ಮುಕ್ಕಾಲೇ.