ರಾತ್ರಿ ಎಷ್ಟು ಸಲ ಏಳುತ್ತೀರಿ?

ಡಿಸೆಂಬರ್ ರಜೆಗೆ ಊರಿಗೆ ಹೋಗಿದ್ದ ನಮ್ಮ ಸಂಘದ ಸದಸ್ಯರು ಪ್ರಾಸ್ಟೇಟ್ ಕ್ಯಾನ್ಸರ್ ಜಾಗೃತಿಗಾಗಿ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಏರ್ಪಡಿಸಿದ್ದ ಸಹಾಯಾರ್ಥ ನಡಿಗೆ ಚೆನ್ನಾಗಿಯೇ ನಡೆಯಿತು. ಬೆಳಗಿನ ಹೊತ್ತು ಅಲ್ಲಿ ಮಫ್ಲರ್ ಸುತ್ತಿಕೊಂಡು ನಡೆಯುವವರಲ್ಲಿ ನಿವೃತ್ತ ಗಂಡಸರೇ ಹೆಚ್ಚು; ಈ ಮಾತು ಯಾರ ಕಿವಿಗೆ ಬೀಳಬೇಕೋ ಅವರನ್ನು ಹುಡುಕಿಕೊಂಡು ಹೋಗುವ ಶ್ರಮ ನಮಗಿರಲಿಲ್ಲ. ಆದರೆ ನಡಿಗೆ ಮುಗಿದು, ಇಡ್ಲಿಗೆ ಮೊದಲು ಮಾತನಾಡಿದ ವೈದ್ಯರು "ರಾತ್ರಿ ಎರಡಕ್ಕಿಂತ ಹೆಚ್ಚು ಸಲ ಮೂತ್ರಕ್ಕೆ ಏಳುವವರು ಕೈ ಎತ್ತಿ" ಎಂದಾಗ ಒಂದು ಕೈಯೂ ಮೇಲೇಳಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು, "ನಮ್ಮನೆಯವರು ನಾಲ್ಕು ಸಲ ಏಳ್ತಾರೆ, ಕೈ ಮಾತ್ರ ಎತ್ತಲ್ಲ" ಎಂದು ಹೇಳಿದ ಮೇಲೆಯೇ ಒಂದೊಂದಾಗಿ ಕೈಗಳು ಎದ್ದವು.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರು ನಾವು. 2003ರಲ್ಲಿ ಮೆಲ್ಬೋರ್ನ್‌ನಲ್ಲಿ 30 ಮಂದಿ ನವೆಂಬರ್ ತಿಂಗಳಿಡೀ ಮೀಸೆ ಬಿಟ್ಟು ಹುಟ್ಟುಹಾಕಿದ 'ಮೊವೆಂಬರ್' ಅಭಿಯಾನ, ಆಮೇಲೆ ಅದೇ ಮೀಸೆಯನ್ನು ಆರೋಗ್ಯದ ವಿಷಯದಲ್ಲಿ ಗಂಡಸರ ಬಾಯಿ ಬಿಡಿಸುವುದಕ್ಕೆ ಬಳಸಿಕೊಂಡಿತು. ನಮ್ಮಲ್ಲಿ ಮೀಸೆಗೇನೂ ಕೊರತೆಯಿಲ್ಲ.

ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದಿರುವ ಗಂಡಸರ ಪ್ರಾಸ್ಟೇಟ್ ಗ್ರಂಥಿ ವಯಸ್ಸಾದಂತೆ ಹಿಗ್ಗುವುದು ಸಾಮಾನ್ಯ, ಮತ್ತು ಆ ಹಿಗ್ಗು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಹೆಚ್ಚಾಗಿ ಗ್ರಂಥಿಯ ಹೊರಭಾಗದಲ್ಲಿ ಮೊಳೆಯುವುದರಿಂದ ಮೊದಮೊದಲು ಯಾವ ತೊಂದರೆಯೂ ಕಾಣದಿರಬಹುದು. ಮಂಡ್ಯದ ನಮ್ಮ ಮನೆಯಲ್ಲಿ ತಂದೆಯವರು ನಡುರಾತ್ರಿ ಹಿತ್ತಲ ಬಾಗಿಲ ಚಿಲಕವನ್ನು ಸದ್ದಾಗದಂತೆ ತೆಗೆದು ಹೋಗಿಬರುತ್ತಿದ್ದರು. ಅಮ್ಮ ಕೇಳಿದರೆ "ಸಕ್ಕರೆ ನಾಡಲ್ಲವೇ, ಸಕ್ಕರೆ ಕಾಯಿಲೆಯೇ ಇರಬೇಕು" ಎಂದು ನಗುತ್ತಿದ್ದರು. ಸೊಂಟನೋವಿಗೆ ಹರಳೆಣ್ಣೆ ಬಿಸಿ ಮಾಡಿ ತಿಕ್ಕಿಸಿಕೊಂಡರು. ಪರೀಕ್ಷೆ ಮಾಡಿಸುವ ಹೊತ್ತಿಗೆ ಕ್ಯಾನ್ಸರ್ ಬೆನ್ನುಮೂಳೆಗೆ ಹಬ್ಬಿತ್ತು. ಪ್ರತಿ ಭಾನುವಾರ ಫೋನಿನಲ್ಲಿ ನಾಲೆಗೆ ನೀರು ಬಿಟ್ಟರೇ, ಕಬ್ಬು ಕಟಾವಾಯಿತೇ ಎಂದೆಲ್ಲ ವಿಚಾರಿಸುತ್ತಿದ್ದ ನಾನು ಇದೊಂದನ್ನು ಕೇಳಲಿಲ್ಲ.

ಕೂಡಿದ ಹಣದಿಂದ ಬಂದವರಿಗೆಲ್ಲ ಪಿಎಸ್‌ಎ ಎಂಬ ಪ್ರಾಸ್ಟೇಟ್ ಪ್ರೋಟೀನಿನ ಪ್ರಮಾಣ ಅಳೆಯುವ ರಕ್ತಪರೀಕ್ಷೆಯನ್ನು ಉಚಿತವಾಗಿ ಮಾಡಿಸೋಣ ಎಂಬ ಸಲಹೆಗೆ ನಾನು ಅಡ್ಡಬಂದದ್ದು ಕಾರ್ಯಕಾರಿ ಸಮಿತಿಯ ಕೆಲವರಿಗೆ ಬೇಸರ ತಂದಿದೆ. ಆ ಪ್ರೋಟೀನಿನ ಪ್ರಮಾಣ ಸೋಂಕಿನಿಂದಲೂ ಬರೀ ಹಿಗ್ಗಿನಿಂದಲೂ ಏರಬಹುದು. ಏರಿದವರಿಗೆ ಮುಂದೆ ಎಂಆರ್‌ಐ, ಬಯಾಪ್ಸಿ ಎಂದು ಓಡಾಟ ಬೀಳಬಹುದು. ಕೊನೆಗೆ ಸಿಕ್ಕ ಕ್ಯಾನ್ಸರ್ ಕೂಡ ಎಷ್ಟೋ ಸಲ ನಿಧಾನವಾಗಿ ಬೆಳೆಯುವ, ಚಿಕಿತ್ಸೆಗಿಂತ ನಿಗಾವಣೆಯೇ ಸಾಕಾಗುವ ಬಗೆಯದಾಗಿರುತ್ತದೆ. ಚೀಟಿಯಲ್ಲಿ ಒಂದು ಅಂಕಿ ಬರೆದುಕೊಟ್ಟು ನಾವು ವಿಮಾನ ಹತ್ತಿಬಿಟ್ಟರೆ, ಆ ಅಂಕಿಯನ್ನು ಇಟ್ಟುಕೊಂಡು ರಾತ್ರಿ ಕಳೆಯಬೇಕಾದವರು ಅವರು. ಆದ್ದರಿಂದ 50 ದಾಟಿದವರು, ತಂದೆಗೋ ಅಣ್ಣತಮ್ಮಂದಿರಿಗೋ ಈ ಕಾಯಿಲೆ ಬಂದಿದ್ದರೆ ಇನ್ನೂ ಕೆಲವು ವರ್ಷ ಮುಂಚೆಯೇ, ಮೊದಲು ವೈದ್ಯರೊಡನೆ ಕುಳಿತು ಮಾತನಾಡಲಿ. ಅವರು ಪರೀಕ್ಷೆ ಬೇಕೆಂದವರ ಖರ್ಚನ್ನು, ಮುಂದಿನ ತಪಾಸಣೆಯವರೆಗೂ, ನಮ್ಮ ನಿಧಿ ಹೊರಲಿ ಎಂದು ಕೊನೆಗೆ ತೀರ್ಮಾನವಾಯಿತು.

ಅಂದು ವೈದ್ಯರ ಭೇಟಿಗೆ ಹೆಸರು ನೋಂದಾಯಿಸಲು ಇಟ್ಟಿದ್ದ ಪುಸ್ತಕ ಈಗ ನನ್ನ ಮೇಜಿನ ಮೇಲಿದೆ. ಹೆಸರುಗಳೆಲ್ಲ ಗಂಡಸರವು, ಬಹುಪಾಲು ಬರೆಸಿದವರು ಅವರ ಹೆಂಡತಿಯರು.